ಎರಡು ಒಲೆಗಳಲ್ಲಿ ಉಂಡುಹೋದ ಕೋಳಿ ಅಧಿಕಾರಿಗಳಿಗೆ

ಆಲೂರು,
ಸಂಕ್ರಾಂತಿ ಕಳೆದ ವಾರ, 1957

ಮಾನ್ಯರೇ,

ಆಲೂರು ತಾಲ್ಲೂಕು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುವ ಜಂಬಯ್ಯನಾದ ನಾನು, ಸಂಚಾರಿ ಕೋಳಿ ಪ್ರದರ್ಶನಾಧಿಕಾರಿಗಳಾದ ತಮ್ಮ ಪಾದಗಳಿಗೆ, ಅವು ಸದ್ಯ ಯಾವ ಊರಿನ ಯಾವ ಪಡಸಾಲೆಯಲ್ಲಿ ಚಾಚಿಕೊಂಡಿದ್ದರೂ ಸರಿ, ಸಾಷ್ಟಾಂಗ ವಂದಿಸುತ್ತೇನೆ. ನಮ್ಮ ತಾಲ್ಲೂಕು ಬಳ್ಳಾರಿಯ ಕೈಬಿಟ್ಟು ಆಂಧ್ರಕ್ಕೆ ಸೇರಿದ ಮೇಲೆ ಕನ್ನಡದ ಅರ್ಜಿಗಳಿಗೆ ಗಿರಾಕಿ ಕಡಿಮೆಯಾಗಿ ನನಗೆ ಬಿಡುವು ಹೆಚ್ಚಿರುವುದರಿಂದ, ಆ ಬಿಡುವನ್ನೆಲ್ಲ ತಮ್ಮ ಗುಣಗಾನಕ್ಕೆ ಮುಡಿಪಾಗಿಟ್ಟಿದ್ದೇನೆ. ತಮ್ಮ ಕೀರ್ತಿ ಒಂದೇ ಕಡತದಲ್ಲಿ ಕೊಳೆಯಬಾರದೆಂದು ಇದರ ಒಂದು ಪ್ರತಿಯನ್ನು ಬಸ್ಸು ನಿಲ್ಲುವಲ್ಲಿಯ ಚಹಾ ಹೋಟೆಲಿನ ಗೋಡೆಗೂ ಅಂಟಿಸಿದ್ದೇನೆ.

ಸೀಮೆಎಣ್ಣೆ ದೀಪದಿಂದ ಮೊಟ್ಟೆಗೆ ಕಾವು ಕೊಡುವ ಆ ಪೆಟ್ಟಿಗೆಯನ್ನು ಜೀಪಿನಲ್ಲಿ ತಂದು ನಮ್ಮ ಮನೆಯನ್ನೇ ತಾವು ಆರಿಸಿಕೊಂಡದ್ದು ನಮ್ಮ ಪುಣ್ಯ. ನನ್ನ ಹೆಂಡತಿ ಗಾದಿಲಿಂಗಮ್ಮ, ನನ್ನ ತಮ್ಮ ನರಸಪ್ಪನ ಹೆಂಡತಿ ಭೀಮಕ್ಕ, ಈ ಇಬ್ಬರೂ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವ ಜಾಗಕ್ಕಾಗಿ ಜಗಳವಾಡಿ, ಮಾತು ಬಿಟ್ಟು, ಒಂದೇ ಸೂರಿನಡಿ ಎರಡು ಒಲೆ ಹೂಡಿದ್ದರು. ಪೆಟ್ಟಿಗೆಯನ್ನು ತಾವು ಇಬ್ಬರಿಗೂ ಸೇರಿದ ನಡುವಿನ ಪಡಸಾಲೆಯಲ್ಲಿ ಇಡಿಸಿದಿರಿ. ಕೋಳಿ ಕೊಕ್ಕಿನಿಂದ ಮೊಟ್ಟೆಯ ಮಗ್ಗುಲನ್ನು ಆಗಾಗ ಬದಲಿಸುತ್ತದೆ, ಹಾಗೆ ಬದಲಿಸದಿದ್ದರೆ ಒಳಗಿನ ಮರಿ ಒಂದೇ ಕಡೆಗೆ ಅಂಟಿಕೊಂಡು ಸಾಯುತ್ತದೆ ಎಂದು ತಾವು ವಿವರಿಸಿದ ರೀತಿ ಬಹಳ ಚೆನ್ನಾಗಿತ್ತು. ಮೊಟ್ಟೆಯ ಮೇಲೆ ಒಂದು ಗುರುತು ಹಾಕಿಕೊಳ್ಳಲೇ ಎಂದು ನರಸಪ್ಪ ಕೇಳಿದಾಗ, ಅದು ನೆನಪಿನ ಶಕ್ತಿ ಇಲ್ಲದವರ ಪದ್ಧತಿ ಎಂದು ತಾವು ನಕ್ಕದ್ದು ಇನ್ನೂ ಚೆನ್ನಾಗಿತ್ತು.

ಆಮೇಲೆ ತಾವು ಗಾದಿಲಿಂಗಮ್ಮನ ಒಲೆಯ ಮುಂದೆ ಜೋಳದ ರೊಟ್ಟಿ ಮತ್ತು ಕೋಳಿಸಾರು ಉಂಡು, ಪೆಟ್ಟಿಗೆಯನ್ನು ಆಕೆಯ ಕೈಗುಣ ನೋಡಿಯೇ ಒಪ್ಪಿಸಿರುವುದಾಗಿಯೂ, ಬೆಳಿಗ್ಗೆ ಸಂಜೆ ಆಕೆಯೇ ಮೊಟ್ಟೆಗಳನ್ನು ಅರ್ಧ ಸುತ್ತು ತಿರುವಬೇಕೆಂದೂ, ಇದು ಇನ್ನೊಬ್ಬರಿಗೆ ತಿಳಿಯಬಾರದೆಂದೂ ಪಿಸುಗುಟ್ಟಿದಿರಿ. ಕೈ ತೊಳೆಯುವ ನೆಪದಲ್ಲಿ ಆಚೆ ಹೋಗಿ, ಭೀಮಕ್ಕನ ಒಲೆಯ ಮುಂದೆ ಹೋಳಿಗೆ ಉಂಡು, ಅದನ್ನೇ, ಅಕ್ಷರ ಬಿಡದೆ, ಆಕೆಗೂ ಪಿಸುಗುಟ್ಟಿದಿರಿ. ಎರಡು ಊಟಕ್ಕೂ ಸಮನಾಗಿ ಋಣ ತೀರಿಸಿದ ಇಂಥ ನ್ಯಾಯವಂತರನ್ನು ನಾನು ತಾಲ್ಲೂಕು ಕಚೇರಿಯಲ್ಲಿಯೂ ಕಂಡಿಲ್ಲ.

ಗಾದಿಲಿಂಗಮ್ಮ ಬಾವಿಗೆ ಹೋಗುವ ಮುಂಚೆ ಮೊಟ್ಟೆಗಳನ್ನು ತಿರುವುತ್ತಿದ್ದಳು. ಆಕೆ ಕೊಡ ಹಿಡಿದು ಹೊಸ್ತಿಲು ದಾಟುತ್ತಲೇ ಭೀಮಕ್ಕ ತಿರುವುತ್ತಿದ್ದಳು. ಸಂಜೆ ಗಾದಿಲಿಂಗಮ್ಮ ತಿರುವಿ ಎಮ್ಮೆ ಹಿಂಡಲು ಹೋದರೆ, ಭೀಮಕ್ಕ ದೀಪ ಹಚ್ಚಲು ಬಂದು ತಿರುವುತ್ತಿದ್ದಳು. ಮರಿ ಬರಬೇಕಾದ ದಿನ ಕಳೆದು ಹೋಯಿತು. ತಾವು ಬಂದು, ಬೀದಿಯ ಜನರ ಮುಂದೆ ಒಂದೊಂದೇ ಮೊಟ್ಟೆ ಒಡೆದಿರಿ. ರೆಕ್ಕೆ ಮೂಡಿದ ಮರಿಗಳು ಚಿಪ್ಪಿಗೆ ಅಂಟಿ ಸತ್ತಿದ್ದವು. ಭೀಮಕ್ಕ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಸೆರಗಿನಿಂದ ಒರೆಸುತ್ತಿದ್ದಾಗ, ಈ ಮನೆಯ ಹೆಂಗಸರು ಸೋಮಾರಿಗಳು, ಮೊಟ್ಟೆಗೆ ಕೈಯನ್ನೇ ಹಚ್ಚಿಲ್ಲ ಎಂದು ತಾವು ಗಟ್ಟಿಯಾಗಿ ಹೇಳಿ, ವರದಿಯಲ್ಲಿಯೂ ಹಾಗೆಯೇ ಬರೆದು ಜೀಪು ಹತ್ತಿದಿರಿ.

ತಾನು ತಪ್ಪದೆ ತಿರುವಿದ್ದೇನೆಂದು ಇಬ್ಬರಿಗೂ ಗೊತ್ತಿದ್ದುದರಿಂದ, ಕೆಡಿಸಿದವಳು ಇನ್ನೊಬ್ಬಳೇ ಎಂದು ಇಬ್ಬರೂ ನಂಬಿದರು. ಕೊನೆಗೆ ನಾನೂ ನರಸಪ್ಪನೂ, ಒಬ್ಬರ ಮುಖ ಒಬ್ಬರು ನೋಡದೆ, ಪಡಸಾಲೆಯ ನಡುವೆ ಗೋಡೆ ಹಾಕಿಸಲು ಒಪ್ಪಿದೆವು. ಗೋಡೆ ಕಟ್ಟುವ ಗೌಂಡಿ, ದಸ್ತಗಿರಿ ಎಂಬವನು, ಬಂದು ಅಳತೆಗೆ ದಾರ ಎಳೆದು, ಅಡ್ಡವಿದ್ದ ಪೆಟ್ಟಿಗೆಯನ್ನು ಸರಿಸಲು ಹೇಳಿದ. ಅದು ಒಬ್ಬರಿಂದ ಸರಿಯುವ ಪೆಟ್ಟಿಗೆಯಲ್ಲ. ಎರಡು ಕಡೆ ಹಿಡಿದುಕೊಂಡ ಹೆಂಗಸರಲ್ಲಿ ಭೀಮಕ್ಕ, ಯಾರಿಗೂ ಹೇಳದವಳಂತೆ, ಹೇಳಿದಳು:

"ಮುಂಜಾನಿ, ಸಂಜಿಕಿ, ಎರಡೂ ಹೊತ್ತು ತಿರುವೀನಿ ನಾನು. ಒಂದು ದಿನಾನೂ ತಪ್ಪಿಸಿಲ್ಲ."

"ನೀನ್ಯಾಕ ತಿರುವಿದಿ? ಸಾಹೇಬ್ರು ನನಗ ಹೇಳಿದ್ರು."

"ನನಗೂ ಹೇಳಿದ್ರಕ್ಕ. ನಿನಗ ಹೇಳಬ್ಯಾಡ ಅಂದಿದ್ರು."

ಗಾದಿಲಿಂಗಮ್ಮ ಪೆಟ್ಟಿಗೆ ಬಿಟ್ಟು ನೆಲದ ಮೇಲೆ ಕುಳಿತಳು. ಅಂಗೈಯನ್ನು ಒಮ್ಮೆ ಮಗುಚಿ, ಮತ್ತೆ ಮೊದಲಿನಂತೆ ಮಾಡಿ ನೋಡಿದಳು. "ನಾ ಹಿಂಗ ಮಾಡಿದೆ, ನೀ ಹಿಂಗ ಮಾಡಿದಿ," ಎಂದಳು. "ಎಲ್ಲಿದ್ದುವೋ ಅಲ್ಲೇ ಕುಂತಾವು, ಪಾಪ."

ದಸ್ತಗಿರಿ ಗೋಡೆ ಎಲ್ಲಿಂದ ಹಾಕಲಿ ಎಂದು ಕೇಳಿದ. ಭೀಮಕ್ಕನೂ ಗಾದಿಲಿಂಗಮ್ಮನ ಪಕ್ಕದಲ್ಲಿ ಕುಳಿತುಬಿಟ್ಟಳು. ಆತ ದಾರ ಸುತ್ತಿಕೊಂಡು ಹೊರಟುಹೋದ.

ತಮ್ಮ ಅಪ್ಪಣೆಯಿಲ್ಲದೆ ಮುಂದೆ ನಡೆದ ಅಪಚಾರವನ್ನೂ ನಿವೇದಿಸುತ್ತೇನೆ. ಹೆಂಗಸರಿಬ್ಬರೂ ಮಾಧವರಂನ ನನ್ನ ಅತ್ತೆಯ ಮನೆಯಿಂದ ನಾಟಿ ಕೋಳಿಯ ಮೊಟ್ಟೆ ತರಿಸಿ, ಪ್ರತಿಯೊಂದರ ಒಂದು ಮಗ್ಗುಲಿಗೆ ಇದ್ದಿಲಿನಿಂದ ಗೀಟು ಎಳೆದರು. ಎಣ್ಣೆ ಜಿಡ್ಡಿಲ್ಲದಂತೆ ಕೈ ತೊಳೆದು, ಬೆಳಿಗ್ಗೆ ಗಾದಿಲಿಂಗಮ್ಮ, ಸಂಜೆ ಭೀಮಕ್ಕ, ಮಧ್ಯಾಹ್ನ ಮನೆಯಲ್ಲಿದ್ದವರು ಇನ್ನೊಬ್ಬರಿಗೆ ಹೇಳಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮೆಲ್ಲಗೆ ತಿರುವಿದರು. ಕೊನೆಯ ದಿನಗಳಲ್ಲಿ ಮುಟ್ಟಲೇಬಾರದಾದ್ದರಿಂದ ಒಬ್ಬರ ಕೈಯನ್ನು ಒಬ್ಬರು ಕಾಯುತ್ತ ಪೆಟ್ಟಿಗೆಯ ಪಕ್ಕದಲ್ಲೇ ಕುಳಿತರು. ಹಾಗೆ ಕುಳಿತವರು ಮೊದಲು ಮೊಟ್ಟೆಯ ಮಾತಾಡಿದರು, ಆಮೇಲೆ ಮೆಣಸಿನಕಾಯಿಯ ಮಾತನ್ನೂ ಆಡಿ ಮುಗಿಸಿದರು. ಬಹುಪಾಲು ಮೊಟ್ಟೆಗಳು ಒಡೆದು ಮರಿಗಳು ಹೊರಬಂದವು. ಒಲೆಗಳು ಇನ್ನೂ ಎರಡೇ ಇವೆ; ಆದರೆ ಸಾರು ಆಚೆಯಿಂದ ಈಚೆಗೆ ಬರುತ್ತದೆ.

ಸುದ್ದಿ ತಿಳಿದ ತಾವು ಫೋಟೋದವನೊಂದಿಗೆ ಧಾವಿಸಿ ಬಂದು, ಹೆಂಗಸರನ್ನು ಪಕ್ಕಕ್ಕೆ ಸರಿಸಿ, ಮರಿಗಳನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡು ತೆಗೆಸಿಕೊಂಡ ಚಿತ್ರದಲ್ಲಿ, ಅವನ್ನು ತಾವೇ ಹೆತ್ತಂಥ ಕಳೆ ತಮ್ಮ ಮುಖದ ಮೇಲಿತ್ತಂತೆ. ಆದುದರಿಂದ ನನ್ನ ಬೇಡಿಕೆಗಳು ಅಲ್ಪ. ವರದಿಯ "ಸೋಮಾರಿಗಳು" ಎಂಬ ಮಾತನ್ನು ಹೊಡೆದುಹಾಕಿ, ಆ ಮಾತು ವ್ಯರ್ಥವಾಗಬಾರದಾದ್ದರಿಂದ ತಮ್ಮ ಹೆಸರಿನ ಹಿಂದೆ ಸೇರಿಸಿಕೊಳ್ಳಬೇಕು. ಮತ್ತು ತಮ್ಮ ಮೇಲೆ ಇಬ್ಬರು ಮೇಲಧಿಕಾರಿಗಳನ್ನು ಸರ್ಕಾರ ನೇಮಿಸಿ, ಬೆಳಿಗ್ಗೆ ಒಬ್ಬರು ತಮ್ಮನ್ನು ಕರ್ನೂಲಿಗೆ ವರ್ಗ ಮಾಡುವಂತೆಯೂ, ಅವರು ಬೆನ್ನು ತಿರುಗಿಸುತ್ತಲೇ ಇನ್ನೊಬ್ಬರು ಆದೋನಿಯ ತಮ್ಮ ಕಚೇರಿಗೇ ಮರಳಿ ವರ್ಗ ಮಾಡುವಂತೆಯೂ, ಈ ಕ್ರಮ ತಾವು ಕುರ್ಚಿಗೆ ಅಂಟಿಕೊಳ್ಳುವವರೆಗೆ ನಡೆಯುವಂತೆಯೂ ಆಜ್ಞೆಯಾಗಬೇಕು.

ತಮ್ಮ ಜೀಪಿನ ಧೂಳನ್ನು ಈಗಷ್ಟೇ ಕಣ್ಣಿನಿಂದ ಒರೆಸಿಕೊಂಡಿರುವ,
ತಮ್ಮ ವಿಶ್ವಾಸಿ,
ಅರ್ಜಿ ಜಂಬಯ್ಯ

ಮರೆತ ಮಾತು: ಪೆಟ್ಟಿಗೆ ಇನ್ನು ಹೊಳಗುಂದದ ಏಕಾಂತಪ್ಪನ ಮನೆಗೆ ಹೋಗುವುದೆಂದು ಕೇಳಿದೆ. ಆತನಿಗೆ ಇಬ್ಬರು ಹೆಂಡಿರು. ಪೆಟ್ಟಿಗೆಯನ್ನು ಧಾರಾಳವಾಗಿ ಕಳಿಸಿರಿ. ತಾವು ಮಾತ್ರ ದಯಮಾಡಿ ಹೋಗಬೇಡಿರಿ.