ಬ್ಲಾಗಿನಲ್ಲಿ ಬೆಂದ ಅವರೆಬೇಳೆ

"ಈ ಕಂಪ್ಯೂಟರ್ ಕೆಟ್ಟೋಗಿದೆ ಕಣ್ರೀ!" ಎಂದು ರಂಗರಾಜು ಬ್ರೌಸಿಂಗ್ ಸೆಂಟರಿನ ಮಾಲೀಕರನ್ನು ಎಲ್ಲರೆದುರು ಗದರಿದ. ಹೆಂಡತಿ ಶಶಿರೇಖಾ ಮೆಲ್ಲಗೆ ಕೈ ಚಾಚಿ ಪರದೆಯ ಸ್ವಿಚ್ಚು ಒತ್ತಿದಳು. ಪರದೆ ಝಗ್ಗೆಂದಿತು. ಅದರ ಕತ್ತಲೆಯೆಲ್ಲ ರಂಗರಾಜುವಿನ ಮುಖಕ್ಕೆ ಬಂತು.

ಆದರೇನು, ಹಿಮ್ಮೆಟ್ಟುವ ಆಸಾಮಿಯೇ ಅವನು? ಗುಬ್ಬಿಯ ಕಚೇರಿಯೊಂದರಲ್ಲಿ ಗುಮಾಸ್ತನಾದರೂ, ೨೦೦೭ರ ತುಮಕೂರಿನಲ್ಲಿ ಸ್ವಂತ ಬ್ಲಾಗುಳ್ಳ ಮಹಾಪುರುಷ! ಹೆಂಡತಿಯನ್ನೂ, ವಾರದ ಹಿಂದೆ ಅವರೆಕಾಯಿ ಮೂಟೆಯೊಂದಿಗೆ ಅಮೃತೂರಿನಿಂದ ಬಂದಿದ್ದ ಅತ್ತೆ ರಂಗಲಕ್ಷ್ಮಮ್ಮನವರನ್ನೂ ಈ ಭಾನುವಾರ ಇಂಟರ್‌ನೆಟ್ ಯುಗಕ್ಕೆ ಎಳೆದೇ ತರುವೆನೆಂದು ಪಣ ತೊಟ್ಟಿದ್ದ.

"ಬ್ಲಾಗು ಅಂದ್ರೆ ಏನು ಅಳಿಯಂದ್ರೇ?"

"ಮನೆ ಮುಂದಿನ ಜಗಲಿ ಇದ್ದಂಗೆ ಅತ್ತೆ. ನಮಗೆ ತೋಚಿದ್ದನ್ನ ಬರೆದಿಡ್ತೀವಿ. ಹೋಗೋರು ಬರೋರು ಯಾರು ಬೇಕಾದ್ರೂ ಓದ್ತಾರೆ, ಕೆಳಗೆ ತಾವೂ ಒಂದು ಮಾತು ಬರೆದು ಹೋಗ್ತಾರೆ. ಸಂಪಾದಕರ ಕಾಲು ಹಿಡಿಯೋದೇ ಬೇಡ!"

"ಅಯ್ಯೋ, ಮನೆ ವಿಷ್ಯ ಬೀದೀಗ್ ಹಾಕ್ತಾರಾ?"

"ಛೆ! ಸಾಹಿತ್ಯ ಅತ್ತೆ, ಸಾಹಿತ್ಯ!"

ಅವನ ಬ್ಲಾಗಿನಲ್ಲಿದ್ದುದು ಎರಡೇ ಬರಹ. ಮೊದಲನೆಯದು ದೇವರಾಯನದುರ್ಗದ ಸೂರ್ಯೋದಯದ ವರ್ಣನೆ. ಬ್ಲಾಗು ತೆರೆದವನೇ, "ಗಟ್ಟಿಯಾಗಿ ಓದೇ, ಅತ್ತೇನೂ ಕೇಳ್ಲಿ" ಎಂದು ಹೇಳಿ, ಎದೆ ಉಬ್ಬಿಸಿ ಕಣ್ಣು ಮುಚ್ಚಿಕೊಂಡ. ಪುಸ್ತಕದಲ್ಲಾದರೆ ಮೊದಲು ಬರೆದದ್ದು ಮೊದಲ ಪುಟದಲ್ಲಿರುತ್ತದೆ. ಬ್ಲಾಗಿನಲ್ಲಿ ಕೊನೆಗೆ ಬರೆದದ್ದೇ ನೆತ್ತಿಯ ಮೇಲೆ ಕೂರುತ್ತದೆ! ಪಂಡಿತನಿಗೆ ಅದು ಹೊಳೆದಿರಲಿಲ್ಲ.

ಶಶಿರೇಖಾ ಓದಿದಳು: "ಅವರೆಯ ಸೆರೆಯಿಂದ ಪಾರಾಗುವ ಉಪಾಯ. ಸಂಜೆಯಾದರೆ ಮನೆಮಂದಿಯೆಲ್ಲ ನೆನೆಸಿದ ಅವರೆಕಾಳಿನ ಮುಂದೆ ಕೂತು ಒಂದೊಂದನ್ನೇ ಹಿತಕಿ ಸಿಪ್ಪೆ ಬಿಡಿಸಬೇಕು. ನನ್ನ ಹೆಬ್ಬೆರಳು ಸಾಹಿತ್ಯಕ್ಕೆ ಮೀಸಲು! ಆಫೀಸಿನಲ್ಲಿ ಆಡಿಟ್ ಎಂದು ಮನೆಯಲ್ಲಿ ಹೇಳಿ ಇಲ್ಲಿ ಬಂದು ಕೂತಿದ್ದೇನೆ. ಅಳಿಯ ದುಡಿದು ದಣಿದನೆಂದು ಅತ್ತೆ ನನಗೇ ಮೊದಲು ಬಡಿಸುತ್ತಾರೆ. ಪಾಪ!"

ಸೂರ್ಯೋದಯಕ್ಕೆ ಕಾದಿದ್ದವನಿಗೆ ಖಗ್ರಾಸ ಗ್ರಹಣ!

"ಕೆಳಗೆ ಯಾರೋ ಚನ್ನವೀರಯ್ಯ ಅನ್ನೋರು ಬರೆದವ್ರೆ," ಶಶಿರೇಖಾ ಬಿಡಲಿಲ್ಲ. "'ನಿಮ್ಮ ಉಪಾಯ ನಮ್ಮ ಮನೆಯಲ್ಲೂ ಫಲಿಸಿತು ಗುರುಗಳೇ!' ಯಾರ್ರೀ ಇವ್ರು?"

"ನಮ್ಮ ಆಫೀಸಿನೋರು..."

"ಓಹೋ, ಶಿಷ್ಯರು ಬೇರೆ!"

"ಅತ್ತೆ, ಅದು ಹಾಸ್ಯ... ಬರೀ ಕಲ್ಪನೆ..."

ರಂಗಲಕ್ಷ್ಮಮ್ಮ ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವರು, "ನಡೀರಿ, ಅಡುಗೆಗೆ ಹೊತ್ತಾಯ್ತು" ಎಂದಷ್ಟೇ ಅಂದರು. ವರ್ಷವೆಲ್ಲ ಕಾದು ಕೂತ ಹಿತಕಿದ ಬೇಳೆ ಸಾರು ಇನ್ನು ತನ್ನ ಪಾಲಿಗಿಲ್ಲ ಎಂದು ದಾರಿಯುದ್ದಕ್ಕೂ ರಂಗರಾಜುವಿನ ಹೊಟ್ಟೆ ಗೋಳಾಡಿತು.

ಆದರೆ ಊಟಕ್ಕೆ ಕೂತಾಗ ತಟ್ಟೆಗೆ ಬಿಸಿ ಮುದ್ದೆ ಬಿತ್ತು. ಹಿಂದೆಯೇ ಘಮಘಮ ಸಾರೂ ಬಿತ್ತು! ಅತ್ತೆ ಎಂದರೆ ಕರುಣಾಸಾಗರ ಎಂದುಕೊಳ್ಳುತ್ತಾ ತುತ್ತು ಬಾಯಿಗಿಟ್ಟ. ಸಿಪ್ಪೆ! ಕಾಳುಕಾಳಿಗೂ ಸಿಪ್ಪೆ! ಪಕ್ಕದಲ್ಲಿ ಇಣುಕಿದರೆ ಹೆಂಡತಿಯ ತಟ್ಟೆಯಲ್ಲಿ ಬೆಣ್ಣೆಯಂಥ ಬೇಳೆ.

"ಅತ್ತೆ, ನನಗೆ ಮಾತ್ರ ಯಾಕೆ ಸಿಪ್ಪೆ ಸಮೇತ ಹಾಕಿದ್ದೀರಿ?"

ರಂಗಲಕ್ಷ್ಮಮ್ಮ ತಲೆ ಎತ್ತದೆ ಮುದ್ದೆ ಮುರಿಯುತ್ತಾ ಹೇಳಿದರು:

"ಅವು ನಿಮ್ಮ ಪಾಲಿನವು ಅಳಿಯಂದ್ರೇ. ಒಂದೊಂದಾಗಿ ಹಿತುಕ್ಕೊಂಡು ಉಣ್ಣಿ."