ಹೆಂಡತಿಯ ಹೆಸರಿಗೊಂದು ಪ್ರಾಸ

ಕ್ರಾಂತಿ ಮಾಡುವವರು ಮದುವೆಯಾಗಬಾರದು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನನಗೆ ಮಧ್ಯಾಹ್ನದ ಊಟಕ್ಕೆ ತೊಂದರೆಯಾದೀತು. ಆದರೆ ಹೆಣ್ಣಿನ ಜಾತಕವನ್ನು ಹೊಂದಿಸಿ ನೋಡುವಾಗ ತನ್ನ ಕ್ರಾಂತಿಯ ಜಾತಕವನ್ನೂ ಪಕ್ಕದಲ್ಲಿಟ್ಟು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ನಾನು ನೋಡಿಕೊಳ್ಳಲಿಲ್ಲ. ಶಿರಸಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿಕೊಂಡು, ಗುಂಡಿ ಕಿತ್ತ ಕೋಟಿಗೆ ಸೂಜಿಪಿನ್ನು ಚುಚ್ಚಿಕೊಂಡು ಓಡಾಡುವ ಈ ವಿರೂಪಾಕ್ಷ ಮಾಸ್ತರ ಒಂದು ಕಾಲಕ್ಕೆ ಕವಿಯಾಗಿದ್ದನೆಂದರೆ ನೀವು ನಂಬಲಿಕ್ಕಿಲ್ಲ. ಬರೀ ಕವಿಯಲ್ಲ, ದಂಗೆಕೋರ ಕವಿ. ಪ್ರಾಸದ ಮೇಲೆ ಕತ್ತಿ ಹಿರಿದವನು.

ಆಗ ಕನ್ನಡ ನಾಡಿನ ಹೊಸ ಕವಿಗಳೆಲ್ಲ ಆದಿಪ್ರಾಸವನ್ನು ಕೈಬಿಡುತ್ತಿದ್ದರು. ಪ್ರತಿ ಸಾಲಿನ ಎರಡನೆಯ ಅಕ್ಷರವೂ ಒಂದೇ ಆಗಿರಬೇಕೆಂಬ ಹಳೆಯ ಕಟ್ಟಳೆ ಅದು. ಅದನ್ನು ಬಿಟ್ಟರಂತೆ ಎಂಬ ಸುದ್ದಿ ಧಾರವಾಡದಿಂದ ಮೋಟಾರಿನಲ್ಲಿ ಕುಲುಕಿಕೊಂಡು ಶಿರಸಿ ಮುಟ್ಟುವಷ್ಟರಲ್ಲಿ ತುಸು ಊದಿಕೊಂಡಿತ್ತು. ಅವರು ಸಾಲಿನ ಮೊದಲಲ್ಲಿ ಮಾತ್ರ ಪ್ರಾಸ ಬಿಟ್ಟಿದ್ದರು. ನಾವು ಮೊದಲು, ನಡು, ಕೊನೆ ಎಲ್ಲ ಕಡೆಯೂ ಬಿಟ್ಟೆವು. ನಾವು ಎಂದರೆ ಮೂರು ಜನ. ಭೈರುಂಬೆಯ ಗಣಪತಿ ನಮ್ಮ ಮುಂದಾಳು. ಯಲ್ಲಾಪುರದ ಮೋಟಾರ ಸ್ಟ್ಯಾಂಡಿನಲ್ಲಿ ಚೀಟಿ ಹರಿಯುತ್ತಿದ್ದ ಇಮಾಮ ಎರಡನೆಯವನು. ಮೂರನೆಯವನು ನಾನು. ಒಂದು ರವಿವಾರ ಸಹಸ್ರಲಿಂಗಕ್ಕೆ ಹೋಗಿ, ಶಾಲ್ಮಲೆಯ ನೀರನ್ನು ಬೊಗಸೆಯಲ್ಲಿ ಹಿಡಿದು, ಇನ್ನು ಬದುಕಿರುವವರೆಗೆ ಪ್ರಾಸ ಹಾಕುವುದಿಲ್ಲ ಎಂದು ಆಣೆ ಮಾಡಿ, ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ತಿಂದು ಬಂದೆವು. ನಮ್ಮ ತಾಲೂಕಿನ ಧೈರ್ಯವಂತರು ಸರಕಾರದ ಕಾಯ್ದೆ ಮುರಿದು ಜೈಲಿಗೆ ಹೋಗುತ್ತಿದ್ದ ದಿನಗಳು ಅವು. ನಾವು ಛಂದಸ್ಸಿನ ಕಾಯ್ದೆ ಮುರಿದು ಚಹಾದಂಗಡಿಗೆ ಹೋಗುತ್ತಿದ್ದೆವು. ನಮ್ಮನ್ನು ಯಾರೂ ಹಿಡಿಯಲು ಬರಲಿಲ್ಲ ಎಂಬ ಕೊರಗು ಮೂವರಿಗೂ ಇತ್ತು.

‘ನಿಷ್ಪ್ರಾಸ’ ಎಂಬ ಕೈಬರಹದ ಪತ್ರಿಕೆಯನ್ನೂ ಹೊರಡಿಸಿದೆವು. ತಿಂಗಳಿಗೆ ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗಿ, ಎಣ್ಣೆಯ ಕಲೆ ಹೊತ್ತು ವಾಪಸು ಬರುತ್ತಿತ್ತು. ಒಮ್ಮೆ ಸಿದ್ದಾಪುರದ ಕಡೆ ಹೋಗಿ ಬಂದ ಪ್ರತಿಯಲ್ಲಿ ಯಾರೋ ಪುಣ್ಯಾತ್ಮರು ನಮ್ಮ ಪ್ರತಿ ಸಾಲಿನ ಕೊನೆಗೂ ಸೀಸದ ಕಡ್ಡಿಯಿಂದ ಪ್ರಾಸ ತುಂಬಿ, ಕೆಳಗೆ ‘ಅವಸರದಲ್ಲಿ ಬಿಟ್ಟುಹೋಗಿರಬೇಕು’ ಎಂದು ಬರೆದಿದ್ದರು. ಗಣಪತಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನ್ನ ನಿಷ್ಠೆ ಇನ್ನೂ ಒಂದು ಕೈ ಮೇಲೆ. ಸಂತೆಯಲ್ಲಿ ಒಂದೇ ಉಸಿರಿಗೆ ಬದನೆಕಾಯಿ, ಹೀರೇಕಾಯಿ ಎರಡನ್ನೂ ಕೇಳುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗರಿಗೆ ಪಠ್ಯದ ಪದ್ಯ ಹೇಳಿಕೊಡಬೇಕಾಗುತ್ತಿತ್ತು, ನಿಜ. ಅದು ಹೊಟ್ಟೆಪಾಡು, ಆಣೆಗೆ ಹೊರತು ಎಂದು ನಾವು ಮೊದಲೇ ಠರಾವು ಮಾಡಿಕೊಂಡಿದ್ದೆವು.

ಇಂಥ ಹೊತ್ತಿನಲ್ಲಿ ನನಗೆ ಮದುವೆಯಾಯಿತು. ಹೆಣ್ಣು ಬನವಾಸಿ ಕಡೆಯದು. ಆ ಸೀಮೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ನಾಲ್ಕು ಜನರೆದುರು ಹೇಳುವಂತಿಲ್ಲ. ಹೇಳಬೇಕಾದ ಶುಭಕಾರ್ಯ ಬಂದಾಗ ಒಡಪು ಕಟ್ಟಿ, ಎರಡು ಮೂರು ಸಾಲಿನ ಪ್ರಾಸದೊಳಗೆ ಹೆಸರನ್ನು ಅಡಗಿಸಿ ಹೇಳಬೇಕು. ಪ್ರಾಸವಿಲ್ಲದೆ ಹೆಸರಿಲ್ಲ. ಮನೆ ತುಂಬಿಸಿಕೊಳ್ಳುವಾಗ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿ ಒಳಗೆ ಬನ್ನಿ ಎಂದರು. ನನ್ನ ಹೆಂಡತಿ ತಲೆ ತಗ್ಗಿಸಿದ್ದವಳು ತಗ್ಗಿಸಿದ ಹಾಗೆಯೇ, ಉಸಿರೂ ಕಟ್ಟದೆ ಹೇಳಿಬಿಟ್ಟಳು:

“ಹುಬ್ಬಳ್ಳಿ ಪ್ಯಾಟ್ಯಾಗ ಸಿಗತಾವ ದ್ರಾಕ್ಷಿ,
ಪ್ರಾಸ ಬಿಟ್ರೂ ನನ್ನ ಬಿಡೂದಿಲ್ಲಂತ ದೇವರ ಸಾಕ್ಷಿ,
ಹೆಸರ ಹೇಳತೀನಿ ಕೇಳ್ರಿ, ನಮ್ಮನಿಯವರು ವಿರೂಪಾಕ್ಷಿ.”

ನನ್ನ ಕ್ರಾಂತಿಯ ಸುದ್ದಿ ಬನವಾಸಿಯ ಅಡುಗೆಮನೆಯವರೆಗೂ ಹೋಗಿತ್ತು. ಹೆಂಗಸರು ನಕ್ಕರು, ಗಂಡಸರೂ ನಕ್ಕರು. ಈಗ ನನ್ನ ಸರದಿ. ನಾನು ಶಲ್ಯ ಸರಿಮಾಡಿಕೊಂಡು, ಪ್ರಾಸವೆಂಬುದು ಭಾವಕ್ಕೆ ಹಾಕಿದ ಬೇಡಿ ಎಂದು ಶುರುಮಾಡಿದೆ. ಕಾಲು ಗಂಟೆ ಮಾತಾಡಿದೆನಂತೆ. ಕೊನೆಗೆ ಹೆಂಡತಿಯ ಸೋದರತ್ತೆ ಬಾಳವ್ವ, ಆ ಸೀಮೆಯ ಒಡಪಿಗೆಲ್ಲ ಆಕೆಯೇ ನ್ಯಾಯಾಧೀಶೆ, ದಾರಿ ಬಿಡಲು ಸನ್ನೆ ಮಾಡಿದಳು. “ಬಿಡ್ರವ್ವಾ, ಹುಡುಗಿ ಕಾಲು ಸೋತಾವ. ಮಾಸ್ತರಿಗೆ ಹೇಣ್ತಿ ಹೆಸರು ಯಾರೂ ಹೇಳಿಲ್ಲ ಅಂತ ಕಾಣ್ತದ” ಎಂದಳು. ಹೀಗೆ ನಾನು ಹೆಸರು ಹೇಳದೆಯೇ ಗೃಹಸ್ಥನಾದೆ.

ಒಮ್ಮೆ ಹೇಳದಿದ್ದದ್ದು ವ್ರತವಾಗಿ ಬೆಳೆಯಿತು. ಐದಾರು ವರ್ಷದಲ್ಲಿ ಎಷ್ಟೋ ಮದುವೆ, ಎಷ್ಟೋ ತೊಟ್ಟಿಲು. ಎಲ್ಲೆಲ್ಲೂ ಅವಳು ಹೊಸ ಹೊಸ ಒಡಪು ಹಾಕಿ ನನ್ನ ಹೆಸರು ಹೇಳುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ. ಮನೆಯಲ್ಲಿ ನಾನು ಅವಳನ್ನು ಕರೆಯುತ್ತಿದ್ದದ್ದು ‘ಇಕಾ, ಕೇಳಿತೇನು’, ‘ಎಲ್ಲಿದ್ದೀಯೇ’ ಎಂದು. ಇದರ ನಡುವೆ ನಮ್ಮ ಚಳವಳಿ ಸದ್ದಿಲ್ಲದೆ ಕರಗುತ್ತಿತ್ತು. ಮೊದಲು ಜಾರಿದವನು ಮುಂದಾಳು ಗಣಪತಿಯೇ. ಯಕ್ಷಗಾನದ ಪ್ರಸಂಗ ಬರೆಯಲು ಕುಳಿತ. ಪ್ರಸಂಗವೆಂದರೆ ಹೆಜ್ಜೆಹೆಜ್ಜೆಗೂ ಪ್ರಾಸ. ಕೇಳಿದ್ದಕ್ಕೆ, “ಎಂತ ಮಾಡದು ಮಾರಾಯಾ, ಭಾಗವತರಿಗೆ ಪ್ರಾಸ ಇಲ್ದೇ ಹೋದ್ರೆ ಬಾಯೇ ಬತ್ತಿಲ್ಲೆ. ಆನು ಎಷ್ಟು ದಿನ ಹೇಳಿ ತಡೀಲಿ” ಎಂದ. ಇಮಾಮ ತನ್ನ ಮೋಟಾರಿನೊಳಗೆ ‘ಕೈಯಿ ಹೊರಗ ಹಾಕಬ್ಯಾಡ್ರಿ, ಡ್ರೈವರಗ ಮಾತಾಡಸಬ್ಯಾಡ್ರಿ’ ಎಂಬ ಬೋರ್ಡು ಬರೆದು ತೂಗಿಹಾಕಿದ. ಪ್ರಾಸ ಹಾಕದಿದ್ದರೆ ಪ್ಯಾಸೆಂಜರು ಓದುವುದೇ ಇಲ್ಲ ಎಂಬುದು ಅವನ ವಾದ. ಹೀಗಾಗಿ ನಮ್ಮ ನಿಷ್ಪ್ರಾಸ ಮಂಡಳಿಯಲ್ಲಿ ಉಳಿದವನು ನಾನೊಬ್ಬನೇ. ಅಧ್ಯಕ್ಷ, ಕಾರ್ಯದರ್ಶಿ, ಸಭೆ ಎಲ್ಲವೂ ನಾನೇ. ಹೆಮ್ಮೆಯೇನೋ ಇತ್ತು, ಸುಳ್ಳೇಕೆ ಹೇಳಲಿ.

ಆರನೆಯ ವರ್ಷಕ್ಕೆ ಅವಳು ಬಸುರಿಯಾದಳು. ಏಳು ತಿಂಗಳಿಗೆ ಕುಬಸದ ಕಾರ್ಯ, ಅಂದರೆ ಸೀಮಂತ, ಗೊತ್ತಾಯಿತು. ಹದಿನೈದು ದಿನ ಮೊದಲು, ನಾನು ಶಾಲೆಗೆ ಹೊರಟು ರುಮಾಲು ಸುತ್ತಿಕೊಳ್ಳುತ್ತಿದ್ದಾಗ, ಅವಳು ಬಾಗಿಲಿಗೆ ಬಂದು ನಿಂತಳು. ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ.

“ಬಸುರಿ ಅಂದ್ರ ತುಂಬಿದ ಹೊಳಿ ದಾಟಿದಂಗ ಅಂತಾರ. ಆಚಿ ದಂಡಿ ಮುಟ್ಟತೀನೋ ಇಲ್ಲೋ. ನಿಮ್ಮ ಬಾಯಾಗ ಒಮ್ಮೆ ನನ್ನ ಹೆಸರು ಕೇಳಬೇಕ್ರಿ,” ಎಂದಳು.

ಅಷ್ಟೇ ಹೇಳಿ ಒಳಗೆ ಹೋದಳು. ಹಿಂದಿನ ವರ್ಷ ನಮ್ಮ ಓಣಿಯಲ್ಲೇ ಹೆರಿಗೆಗೆ ಹೋದ ಇಬ್ಬರು ತಿರುಗಿ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆಣೆಗೆ ಬೆಂಕಿ ಬೀಳಲಿ, ಒಡಪು ಹಾಕಿಯೇ ಹಾಕುತ್ತೇನೆ ಎಂದು ನಿಶ್ಚಯ ಮಾಡಿದೆ. ಕಷ್ಟ ಅಲ್ಲಿಂದ ಶುರುವಾಯಿತು. ಅಷ್ಟು ವರ್ಷ ಪ್ರಾಸವನ್ನು ಕಂಡಲ್ಲಿ ಹೊಡೆದು ಓಡಿಸಿದವನು ನಾನು. ಈಗ ಕರೆದರೆ ಒಂದೂ ಹತ್ತಿರ ಬರಲೊಲ್ಲದು. ಸಾಲಿನ ಕೊನೆ ಬಂತೆಂದರೆ ಕೈ ತಾನಾಗಿ ಬೇರೆ ಶಬ್ದ ಬರೆಯುತ್ತಿತ್ತು. ನಾಚಿಕೆ ಬಿಟ್ಟು ಗಣಪತಿಯನ್ನು ಕೇಳಿದೆ. ಅವನು ಕೊಟ್ಟದ್ದರಲ್ಲಿ ನನ್ನ ಹೆಂಡತಿ ರಾಕ್ಷಸನೊಬ್ಬನನ್ನು ಕೊಂದು ರಂಗದಿಂದ ನಿಷ್ಕ್ರಮಿಸುತ್ತಿದ್ದಳು. ಯಲ್ಲಾಪುರದ ಇಮಾಮ ಮೋಟಾರಿನವನ ಕೈಯಲ್ಲಿ ಚೀಟಿ ಕಳಿಸಿದ: ‘ನಮ್ಮ ಮೋಟಾರಿಗೆ ಮೊದಲನೆ ದರ್ಜೆ, ಡ್ರೈವರ್ ಪಕ್ಕದ ಸೀಟಿಗೆ ಗಿರಿಜೆ.’ ಪ್ರಾಸ ಸರಿಯಾಗಿತ್ತು. ಆದರೆ ನನ್ನ ಹೆಂಡತಿಯನ್ನು ಡ್ರೈವರನ ಪಕ್ಕದಲ್ಲಿ ಕೂರಿಸಿ ನಾನು ಹಿಂದೆ ಎಲ್ಲಿ ಕೂರಬೇಕೆಂಬುದನ್ನು ಅವನು ಬರೆದಿರಲಿಲ್ಲ.

ಕೊನೆಗೆ ನಾನೇ ತಿಣುಕಿ ಮೂರು ಸಾಲು ಕಟ್ಟಿದೆ. ಶಾಲೆಗೆ ಹೋಗುವ ದಾರಿಯಲ್ಲಿ, ಬರುವ ದಾರಿಯಲ್ಲಿ, ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವಾಗ ಗುಣಗುಣಿಸಿ ಬಾಯಿಪಾಠ ಮಾಡಿದೆ. ಪರೀಕ್ಷೆಗೂ ಅಷ್ಟು ಓದಿದವನಲ್ಲ.

ಕುಬಸದ ದಿನ ಪಡಸಾಲೆ ತುಂಬ ಜನ. ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಅವಳು ಮಣೆಯ ಮೇಲೆ ಕುಳಿತಿದ್ದಳು. ಬಾಳವ್ವ ಎದುರಿಗೆ. ನನ್ನ ಪೌರುಷ ನೋಡಲೆಂದು ಗಣಪತಿ, ಇಮಾಮ ಇಬ್ಬರೂ ಬಂದು ಕಂಬಕ್ಕೆ ಒರಗಿದ್ದರು. ಅವಳು ತನ್ನ ಒಡಪು ಹೇಳಿ ಮುಗಿಸಿದಳು. “ಈಗ ಮಾಸ್ತರು,” ಎಂದಳು ಬಾಳವ್ವ. ನಾನು ಎದ್ದು ನಿಂತೆ. ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಅಷ್ಟು ಜನರ ನಡುವೆ ಅವಳು ಹಾಗೆ ನೋಡಿದ್ದು ಅದೇ ಮೊದಲು. ನನ್ನ ಮೂರು ಸಾಲೂ, ಮಳೆ ಬಂದಾಗ ಶಾಲೆಯ ಹುಡುಗರು ಓಡುವಂತೆ, ಒಟ್ಟಿಗೆ ಓಡಿಹೋದವು. ಮೊದಲ ಶಬ್ದವೂ ನೆನಪಾಗಲಿಲ್ಲ. ಅವಳ ಕಣ್ಣಲ್ಲಿ ನೀರು ಬರುವುದನ್ನು ಕಂಡು, ಇನ್ನು ತಡೆಯಲಾರದೆ, ಇದ್ದಷ್ಟನ್ನು ಹೇಳಿದೆ.

“ಗಿರಿಜಾ.”

ಹಿಂದೆ ಮುಂದೆ ಏನೂ ಇಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಪ್ರಾಸದ ಮುಸುಕಿಲ್ಲದೆ ಹೆಂಡತಿಯ ಹೆಸರನ್ನು ಹೀಗೆ ತುಂಬಿದ ಸಭೆಯಲ್ಲಿ ಕರೆದ ಗಂಡನನ್ನು ಅವರು ಕಂಡಿರಲಿಲ್ಲ. ಬಾಳವ್ವ “ಒಡಪಲ್ಲ. ಆದ್ರ ಹೇಳಿದ್ದು ಖರೆ ಐತಿ. ಆರತಿ ತಗೊಂಡ ಬರ್ರಿ,” ಎಂದು ತೀರ್ಪು ಕೊಟ್ಟಳು. ಗಣಪತಿ ಬಂದು ನನ್ನ ಎರಡೂ ಕೈ ಹಿಡಿದು, ನಾವೆಲ್ಲ ಸೋತೆವು, ಕೊನೆಯವರೆಗೂ ನಿಂತವನು ನೀನೊಬ್ಬನೇ ಎಂದ. ಅಂಥ ಹೊತ್ತಿನಲ್ಲಿ ಸುಮ್ಮನಿರುವುದೇ ದೊಡ್ಡಸ್ತಿಕೆಯೆಂದು ಜನ ತಿಳಿಯುತ್ತಾರೆ.

ಮರುದಿನ ಬೆಳಿಗ್ಗೆ ಅವಳು ಚಹಾ ತಂದಿಟ್ಟು, “ನೀವು ಮರತ್ರಿ,” ಎಂದಳು. ನಾನು ತತ್ವ, ನಿಷ್ಠೆ ಎಂದೇನೋ ತೊದಲಿದೆ. “ಎಂಟು ದಿನ ಬಚ್ಚಲದಾಗ ಕೇಳೀನ್ರಿ. ನನಗ ಬಾಯಿಪಾಠ ಆಗೇತಿ,” ಎಂದಳು. ಯಾರಿಗೂ ಹೇಳಬೇಡ ಎಂದು ಕೇಳಿಕೊಂಡೆ. ಅವಳು ಲೋಟ ತೆಗೆದುಕೊಂಡು ಹೋದಳು. ದೇವರು ದೊಡ್ಡವನು, ಹೊಳೆ ದಾಟಿ ಕ್ಷೇಮವಾಗಿ ಬಂದಳು, ಮಗಳನ್ನೂ ತಂದಳು.

ಮಗಳಿಗೀಗ ಎರಡು ತುಂಬಿದೆ. ನಮ್ಮ ಚಳವಳಿಯಿಂದ ಊರಿಗೆ ಉಳಿದ ಆಸ್ತಿಯೆಂದರೆ ಒಂದೇ: ಒಡಪು ಕಟ್ಟಲಾರದ ಸೋಮಾರಿ ಗಂಡಂದಿರು ‘ನಾನು ಮಾಸ್ತರ ಪದ್ಧತಿಯವನು’ ಎಂದು ಹೆಂಡತಿಯ ಹೆಸರನ್ನು ಬೋಳಾಗಿ ಹೇಳಿ ಊಟಕ್ಕೆ ಏಳುತ್ತಾರೆ. ಈ ಕೀರ್ತಿ ಧಾರವಾಡವನ್ನೂ ಮುಟ್ಟಿರಬೇಕು. ಕಳೆದ ವಾರ ಅಲ್ಲಿಯ ಕಾಲೇಜಿನ ಇಬ್ಬರು ಹುಡುಗರು, ಇಬ್ಬರೂ ಕವಿಗಳು, ನಿಷ್ಪ್ರಾಸ ಮಂಡಳಿಯ ಚರಿತ್ರೆ ಬರೆಯುತ್ತೇವೆಂದು ವಹಿ ಹಿಡಿದು ಬಂದರು. ಸಭೆಯಲ್ಲಿ ನೀವು ಹೇಳಿದ ಆ ಒಂದೇ ಶಬ್ದದ ಕವಿತೆ ಎಂದು ಶುರುಮಾಡಿದರು. ನಾನು ಗೋಡೆಗೆ ಒರಗಿ, ಕಣ್ಣು ಅರೆಮುಚ್ಚಿ, ಮಾತು ಬೆಳೆಸಿದೆ. ಒಳಗಿನಿಂದ ಮಗುವನ್ನು ಸ್ವಲ್ಪ ಎತ್ತಿಕೊಳ್ಳಿ ಎಂದು ಎರಡು ಸಲ ಕರೆ ಬಂತು. ಚರಿತ್ರೆ ಹೇಳುವವನಿಗೆ ಅದೆಲ್ಲ ಕೇಳಿಸುವುದಿಲ್ಲ. ಮೂರನೆಯ ಸಲ ಕರೆ ಬರಲಿಲ್ಲ. ಬದಲಿಗೆ ಅಡುಗೆಮನೆಯಿಂದ, ಮಗುವನ್ನು ಆಡಿಸುವ ರಾಗದಲ್ಲಿ, ಮೂರು ಸಾಲಿನ ಹಾಡು ಬಂತು:

“ತುಳಸಿಯ ಕಟ್ಟೆಗೆ ದಿನವೂ ಪೂಜೆ,
ಶಾಲೆಗೆ ಉಂಟು ರವಿವಾರ ರಜೆ,
ರಜೆಯೇ ಕೇಳದೆ ದುಡಿವಳು ಗಿರಿಜೆ.”

ನಾನು ಎದ್ದು ಓಡಿ ಮಗುವನ್ನು ಎತ್ತಿಕೊಂಡು ಬಂದೆ. ಹುಡುಗರು ಬರೆಯುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದರು. ಅದು ಯಾರ ಪದ್ಯ ಎಂದು ಕೇಳಿದರು. ಈ ಕಡೆಯ ಹೆಂಗಸರ ಹಾಡು, ಯಾರು ಕಟ್ಟಿದರೋ ತಿಳಿಯದು ಎಂದೆ. ಅವರಲ್ಲಿ ದೊಡ್ಡವನು ಅದನ್ನು ವಹಿಯಲ್ಲಿ ಗುಂಡಗೆ ಬರೆದುಕೊಂಡು, ಎರಡು ಸಲ ಓದಿ, ನಿಟ್ಟುಸಿರು ಬಿಟ್ಟ.

“ತಪ್ಪು ತಿಳೀಬ್ಯಾಡ್ರಿ ಸರ್, ನೀವಾಗಲಿ ನಾವಾಗಲಿ ಇಂಥದ್ದನ್ನ ಜನ್ಮದಾಗ ಬರಿಯಾಕ ಆಗೂದಿಲ್ಲ,” ಎಂದ.

ಆಗುವುದಿಲ್ಲ ಎಂದು ನಾನೂ ಒಪ್ಪಿಕೊಂಡೆ.