ಮೂರು ಬೀಗರು, ಮೂರು ಬಗೆಯ ಶಲ್ಯ

ಕಚೇರಿಯ ಫಸಲಿ ಲೆಕ್ಕದಲ್ಲಿ ಚಳಿಗಾಲದ ಬಹಮನ್ ತಿಂಗಳ ನಾಲ್ಕನೇ ತಾರೀಖು, ಸೋಮವಾರ. ಅಪ್ಪ ನನ್ನನ್ನು ಕರೆದು, "ಶುಕ್ರವಾರ ಭಾಲ್ಕಿ ಬೀಗರು ನಿಶ್ಚಯಕ್ಕ ಬರ್ತಾರ. ಮೂರು ಮಂದಿ ಹಿರ್ಯಾರಿಗೆ ಶಲ್ಯಾ ಹೊದಸ್ಬೇಕು. ನೀನೇ ಹೋಗಿ ತಾ" ಎಂದರು. ಈ ಕೆಲಸಕ್ಕೆ ಇಡೀ ಬೀದರಿನಲ್ಲಿ ನನಗಿಂತ ಯೋಗ್ಯನಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು. ನಾನು ತಹಸೀಲ ಕಚೇರಿಯಲ್ಲಿ ನಕಲು ಬರೆಯುವವನು. ಕಂಡದ್ದನ್ನೆಲ್ಲ ತಾರೀಖು ಹಾಕಿ ವಹಿಯಲ್ಲಿ ಬರೆದಿಡುವುದು ರೂಢಿ. ಹಿಂದಿನ ವಾರ ಬೀಗರು ಅಕ್ಕನನ್ನು ನೋಡಲು ಬಂದಾಗಲೂ ನಾನು ಸುಮ್ಮನೆ ಕೂತಿರಲಿಲ್ಲ.

ಅಕ್ಕನಿಗೆ ಇದು ಮೂರನೆಯ ಸಂಬಂಧ. ಮೊದಲಿನ ಎರಡು ನಿಶ್ಚಯದ ಹೊಸ್ತಿಲಲ್ಲೇ ಮುರಿದುಬಿದ್ದಿದ್ದವು. ಈ ಹುಡುಗನನ್ನು ಅವಳು ಬಾಗಿಲ ಸಂದಿಯಿಂದ ನೋಡಿ ಒಪ್ಪಿದ್ದಳು. "ಏನೂ ಕೆಡಸ್ಬ್ಯಾಡೋ ತಮ್ಮಾ" ಎಂದು ನನಗೆ ಹೇಳಿದಳು. ಎರಡು ಸಲ.

ಮಂಗಳವಾರ ಬಟ್ಟೆ ಅಂಗಡಿಗೆ ಹೋದೆ. ಒಂದೊಂದು ಶಲ್ಯವನ್ನೂ ಕುತ್ತಿಗೆಗೆ ಸುತ್ತಿಕೊಂಡು, ಬಿಸಿಲಿಗೆ ನಿಂತು, ನೂರರವರೆಗೆ ಎಣಿಸಿದೆ. ಹನ್ನೊಂದು ಶಲ್ಯ ಆಗುವ ಹೊತ್ತಿಗೆ ಅಂಗಡಿಯ ಶೇಠರು ಎದ್ದು ಬಂದರು.

"ಬೀಗರಿಗೆ ಅಂದ್ರ ಮೂರೂ ಒಂದೇ ಬಟ್ಟಿ ಥಾನಿನಾಗ ಹರದು ಕೊಡ್ತೀನ್ರಿ. ಯಾರಿಗೂ ಹೆಚ್ಚಿಲ್ಲ, ಕಡಿಮಿ ಇಲ್ಲ."

"ಮೂರು ಕುತ್ತಿಗಿ ಒಂದೇ ಥರ ಇಲ್ಲಲ್ರಿ" ಎಂದೆ.

ಶೇಠರು ನನ್ನ ಕುತ್ತಿಗೆಯನ್ನು ನೋಡಿದರು. "ನಿಮ್ಮದೂ ಒಂದು ಅದ. ಜೋಪಾನ್ರಿ."

ಹುಡುಗನ ಅಪ್ಪನಿಗೆ ತೆಳ್ಳನೆಯ ಮಲಮಲ್, ಹುಡುಗನ ಅಜ್ಜನಿಗೆ ಉಣ್ಣೆ, ಔರಾದದಲ್ಲಿರುವ ಅವನ ಸೋದರಮಾವನಿಗೆ ರೇಷ್ಮೆ. ಮೂರನ್ನೂ ಬೇರೆ ಬೇರೆ ಕಾಗದದಲ್ಲಿ ಕಟ್ಟಿ ಹೆಸರು ಬರೆದು ಮನೆಗೆ ತಂದೆ. ಗಂಟುಗಳ ಅಚ್ಚುಕಟ್ಟು ನೋಡಿ ಅಪ್ಪ ತಲೆದೂಗಿದರು. ಬಿಚ್ಚಿ ನೋಡಲಿಲ್ಲ.

ಬಿಚ್ಚಿದ್ದು ಶುಕ್ರವಾರ, ಜಮಖಾನೆಯ ಮೇಲೆ, ಮೂವತ್ತೆರಡು ಜನರ ಎದುರಿಗೆ.

ಮಲಮಲ್ ಹೊದಿಸುವಾಗಲೇ ಅಪ್ಪನ ಕೈ ಸ್ವಲ್ಪ ತಡೆಯಿತು. ಉಣ್ಣೆ ಬಂದಾಗ ನನ್ನ ಕಡೆ ನೋಡಿದರು. ರೇಷ್ಮೆ ಹೊರಬಿದ್ದಾಗ ಯಾರ ಕಡೆಗೂ ನೋಡಲಿಲ್ಲ. ಸೋದರಮಾವ ಆ ರೇಷ್ಮೆಯನ್ನು ಮೆಲ್ಲಗೆ ಹೆಗಲಿನಿಂದ ಇಳಿಸಿ, ಬೇರೆಯವರ ಕೂಸನ್ನು ಹಿಡಿದವರಂತೆ ತೊಡೆಯ ಮೇಲೆ ಇಟ್ಟುಕೊಂಡರು.

"ಹುಡುಗನ ಅಪ್ಪಗ ಮಲಮಲ್. ಅವನ ಭಾವಮೈದುನಗ ರೇಷ್ಮಿ" ಎಂದರು ಹುಡುಗನ ಅಪ್ಪ. "ಛಲೋ ಅದ."

"ನನಗ ಉಣ್ಣಿ ಯಾಕಪ್ಪಾ?" ಎಂದರು ಅಜ್ಜ. "ಈ ಚಳಿಗಿ ಮುದುಕ ಹೋಗ್ತಾನ ಅಂತ ಅಂಜಿಕಿ ಏನು?"

ಹುಡುಗನ ಅಪ್ಪ ಎದ್ದು ನಿಂತರು. "ಬಂಡಿ ಹೂಡ್ರಿ."

ಒಳಬಾಗಿಲಿನ ಹಿಂದೆ ಬಳೆಗಳ ಸದ್ದು ನಿಂತಿತು. ಅಲ್ಲಿ ಅಕ್ಕ ಇದ್ದಳು.

ಆಗ ನಾನು ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಬಳಿ ಲಿಖಿತ ಸಾಕ್ಷ್ಯವಿತ್ತು! ವಹಿ ತಂದು, ಸಭೆಯ ನಡುವೆ ನಿಂತು, ಯಾರನ್ನೂ ಕೀಳು ಮಾಡುವ ಉದ್ದೇಶವಿರಲಿಲ್ಲವೆಂದು ತೋರಿಸಲು ಸ್ಪಷ್ಟವಾದ ದನಿಯಲ್ಲಿ ಓದಿದೆ: "ಹುಡುಗನ ತಂದೆ. ಕುತ್ತಿಗೆ ದಪ್ಪ. ಊಟದಲ್ಲಿ ಏಳು ಸಲ ಬೆವರು ಒರೆಸಿದರು. ಗಾಳಿಯಾಡುವ ಬಟ್ಟೆ ಬೇಕು. ಅಜ್ಜ. ನಾಲ್ಕು ಸಲ ಸೀನಿದರು. ಬೆಚ್ಚನೆಯದು ಬೇಕು. ಸೋದರಮಾವ. ಕುತ್ತಿಗೆಯ ಮೇಲೆ ಹುಣ್ಣಿನ ಕಲೆ ಎರಡು. ಒರಟು ಬಟ್ಟೆ ಸಲ್ಲದು."

ಸೋದರಮಾವ ಅಂಗಿಯ ಕಾಲರನ್ನು ಮೇಲಕ್ಕೆ ಎಳೆದುಕೊಂಡರು.

"ನಾ ಉಣ್ಣೋದು ನೋಡ್ಕೋತ ಕೂತಿದ್ದೆಲ್ಲೋ?" ಎಂದರು ಹುಡುಗನ ಅಪ್ಪ. "ಹೋಳಗಿನೂ ಎಣಸಿದ್ದಿ ಏನು?"

ಕಚೇರಿಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಟ್ಟು ಅಭ್ಯಾಸ. "ಹೌದ್ರಿ. ಒಂಬತ್ತು."

ಅಪ್ಪ ಕಣ್ಣು ಮುಚ್ಚಿಕೊಂಡರು.

"ಏನಂದಿ?" ಅಜ್ಜ ಮುಂದಕ್ಕೆ ಬಾಗಿದರು. "ಮತ್ತೊಮ್ಮಿ ಓದು."

"ಒಂಬತ್ತ್ರಿ."

"ಐದ ತಿಂದೀನಿ ಅಂದಿದ್ದೆಲ್ಲಾ ಮಗನೇ! ವೈದ್ಯ ಎರಡರ ಮ್ಯಾಲ ಮುಟ್ಟಬ್ಯಾಡ ಅಂದಾನ. ರಾತ್ರಿಯೆಲ್ಲ ಹೊಟ್ಟಿ ಹಿಡ್ಕೊಂಡು ಹೊಳ್ಳ್ಯಾಡಿ, ನೀರಿನ ತಪ್ಪು ಅಂತ ಹೇಳ್ತಿ. ಬೀದರ ನೀರಿನ ಹೆಸರು ಕೆಡಸ್ತಿ." ಅಜ್ಜ ಮಗನ ಧೋತರದ ಚುಂಗು ಹಿಡಿದು ಎಳೆದರು. "ಕೂಡು. ಇಷ್ಟು ಖರೇ ಹೇಳೋ ಮಂದಿ ಎಲ್ಲಿ ಸಿಗ್ತಾರ? ಈ ಮನಿ ಹೆಣ್ಣು ನಮಗ ಬೇಕು."

ಹುಡುಗನ ಅಪ್ಪ ಕೂತರು. ಮೊದಲು ನಕ್ಕವರು ಸೋದರಮಾವ. ಆಮೇಲೆ ಉಳಿದವರು.

ಶಲ್ಯಗಳನ್ನು ತಾವೇ ಆರಿಸಿಕೊಳ್ಳುತ್ತೇವೆ ಎಂದು ಹಿರಿಯರು ತೀರ್ಮಾನಿಸಿದರು. ಸೀನುವ ಅಜ್ಜ ರೇಷ್ಮೆ ತೆಗೆದುಕೊಂಡರು. ಬೆವರುವ ಮಗ, ಬಂಡಿಯಲ್ಲಿ ಗಾಳಿ ಹತ್ತುತ್ತದೆಂದು ಉಣ್ಣೆ ಹೊದ್ದರು. ಮಲಮಲ್ ಸೋದರಮಾವನ ಪಾಲಾಯಿತು. ಮೂರರಲ್ಲಿ ನನ್ನ ಊಹೆ ಸರಿಬಿದ್ದದ್ದು ಸೊನ್ನೆ.

ಲಗ್ನದ ತಾರೀಖು ಗೊತ್ತಾಯಿತು. ಹೊರಡುವಾಗ ಹುಡುಗನ ಅಪ್ಪ ಒಂದೇ ಒಂದು ಕರಾರು ಹಾಕಿದರು: "ಲಗ್ನದಾಗ ಈ ಹುಡುಗ ಊಟದ ಪಂಗ್ತಿ ಕಡಿ ಸುಳೀಬಾರದು."

ಅದರಂತೆ ಲಗ್ನದಲ್ಲಿ ಅಕ್ಕನ ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ನಾನು ಹಿತ್ತಲಲ್ಲಿ ಬೀಗರ ಎತ್ತುಗಳಿಗೆ ಮೇವು ಹಾಕುತ್ತಿದ್ದೆ. ಎತ್ತು ಒಟ್ಟು ಹದಿನಾರು. ಎಣಿಸಿದ್ದಕ್ಕೆ ಅವು ಯಾವುವೂ ಬೇಸರ ಮಾಡಿಕೊಳ್ಳಲಿಲ್ಲ.